ಮನೆಯ ಅಕ್ವೇರಿಯಂನಲ್ಲಿ ಪ್ಯಾಂಚಾಕ್ಸ್: ಮೇಲ್ನೀರಿನ ಮೀನನ್ನು ಸಾಕುವ ಬಗೆ

ಪಶ್ಚಿಮ ಘಟ್ಟದ ನಿಧಾನ ಹರಿವಿನ ತೊರೆಗಳಲ್ಲಿ, ಕರಾವಳಿಯ ಗದ್ದೆಬದಿಯ ಕಾಲುವೆಗಳಲ್ಲಿ, ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಲುಗದೆ ನಿಂತಿರುವ, ನೆತ್ತಿಯ ಮೇಲೆ ಬೆಳ್ಳಗಿನ ಚುಕ್ಕೆಯೊಂದು ಹೊಳೆಯುವ ಸಣ್ಣ ಮೀನುಗಳು ಕಾಣಸಿಗುತ್ತವೆ. ಇವು ಅಪ್ಲೋಕೈಲಸ್ ಕುಲದ ಮೀನುಗಳು. ಅಕ್ವೇರಿಯಂ ಅಂಗಡಿಗಳಲ್ಲಿ ಇವುಗಳಿಗೆ ಪ್ಯಾಂಚಾಕ್ಸ್ ಅಥವಾ ಕಿಲ್ಲಿ ಎಂಬ ಹೆಸರಿದೆ. ‘ಗೋಲ್ಡನ್ ವಂಡರ್’ ಎಂದು ಮಾರಾಟವಾಗುವ ಹಳದಿ ಮೀನು ಕೂಡ ಈ ಕುಲದ ಲೀನಿಯೇಟಸ್ ಪ್ರಭೇದದ್ದೇ. ಲೀನಿಯೇಟಸ್ ಸುಮಾರು 10 ಸೆಂ.ಮೀ. ವರೆಗೆ ಬೆಳೆಯುವುದರಿಂದ, ಚಿಕ್ಕ ತೊಟ್ಟಿಯುಳ್ಳವರು ಅದರ ಅರ್ಧದಷ್ಟೇ ಬೆಳೆಯುವ ಬ್ಲಾಕಿ ಪ್ರಭೇದವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಮೇಲ್ಮುಖವಾದ ಬಾಯಿ, ಚಪ್ಪಟೆಯಾದ ಬೆನ್ನು, ಬಾಲದ ಹತ್ತಿರಕ್ಕೆ ಸರಿದ ಬೆನ್ನುರೆಕ್ಕೆ, ಇವೆಲ್ಲವೂ ಮೇಲಿನಿಂದ ಬೀಳುವ ಹುಳವನ್ನು ಹಿಡಿಯಲು ಹೊಂದಿಕೊಂಡ ಅಂಗರಚನೆ. ಹಾಗಾಗಿ ಈ ಮೀನಿಗೆ ಆಳಕ್ಕಿಂತ ಮೇಲ್ಮೈಯ ವಿಸ್ತಾರ ಮುಖ್ಯ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಒಂದು ಗಂಡು ಮತ್ತು ಎರಡು ಮೂರು ಹೆಣ್ಣುಗಳನ್ನು ನೆಮ್ಮದಿಯಾಗಿ ಇಡಬಹುದು. ಎತ್ತರವಾಗಿದ್ದು ಬಾಯಿ ಕಿರಿದಾದ ತೊಟ್ಟಿ ನೋಡಲು ಎಷ್ಟೇ ಅಂದವಾಗಿದ್ದರೂ ಇವುಗಳಿಗೆ ತಕ್ಕುದಲ್ಲ.

ತೊಟ್ಟಿಗೆ ಮುಚ್ಚಳ ಇರಲೇಬೇಕು. ಪ್ಯಾಂಚಾಕ್ಸ್ ಚೆನ್ನಾಗಿ ಜಿಗಿಯುವ ಮೀನು; ದೀಪ ಹಠಾತ್ತನೆ ಹೊತ್ತಿಕೊಂಡರೆ, ಯಾರಾದರೂ ತೊಟ್ಟಿಯ ಮೇಲೆ ಕೈಯಾಡಿಸಿದರೆ, ಅಥವಾ ಗಂಡು ಬೆನ್ನಟ್ಟಿ ಬಂದರೆ ನೀರಿನಿಂದ ಹೊರಗೆ ಹಾರಿಬಿಡುತ್ತದೆ. ಗಾಳಿಯ ನಳಿಕೆ, ದೀಪದ ತಂತಿ ಹಾದುಬರುವ ಸಂದುಗಳನ್ನು ಕೂಡ ಸಣ್ಣ ಕಣ್ಣಿನ ಸೊಳ್ಳೆಪರದೆಯ ತುಂಡಿನಿಂದ ಮುಚ್ಚಬೇಕು, ಏಕೆಂದರೆ ಮೀನು ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ಅಲ್ಲಿಂದಲೇ. ನೀರನ್ನು ಅಂಚಿನವರೆಗೂ ತುಂಬದೆ ನಾಲ್ಕೈದು ಸೆಂ.ಮೀ. ಖಾಲಿ ಬಿಡಬೇಕು.

ನೀರಿನ ಮೇಲ್ಮೈ ಶಾಂತವಾಗಿರಬೇಕು. ರಭಸವಾಗಿ ನೀರು ಚಿಮ್ಮಿಸುವ ಪವರ್ ಫಿಲ್ಟರ್ ಬದಲು ಗಾಳಿಯ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಸಾಕು. ಅಲುಗದ ನೀರಿನ ಮೇಲೆ ಕೆಲವೊಮ್ಮೆ ಎಣ್ಣೆಯಂತಹ ಪದರ ಕಟ್ಟುತ್ತದೆ. ಮುದ್ರಣವಿಲ್ಲದ ಹಾಳೆಯನ್ನು ಮೇಲ್ಮೈಯಲ್ಲಿ ಹಾಸಿ ಎತ್ತಿದರೆ ಅದು ಹಾಳೆಗೆ ಅಂಟಿಕೊಂಡು ಬರುತ್ತದೆ. ಮೇಲ್ಮೈಯ ಅರ್ಧಭಾಗದಲ್ಲಿ ಅಂತರಗಂಗೆ ಅಥವಾ ಸಾಲ್ವೀನಿಯಾ ತೇಲಿಬಿಟ್ಟರೆ ಅವುಗಳ ನೆರಳಲ್ಲಿ ಮೀನು ಧೈರ್ಯವಾಗಿ ನಿಲ್ಲುತ್ತದೆ, ಬಣ್ಣವೂ ಗಾಢವಾಗುತ್ತದೆ. ಉಳಿದ ಅರ್ಧ ತೆರೆದಿರಲಿ. ಹೆಚ್ಚಾದ ಗಿಡವನ್ನು ಒಣಗಿಸಿ ಗೊಬ್ಬರಕ್ಕೆ ಹಾಕಬೇಕೇ ಹೊರತು ಕೆರೆಗೆ ಎಸೆಯಕೂಡದು. ಇವು ಕೆರೆಯನ್ನೇ ಮುಚ್ಚಿಬಿಡಬಲ್ಲ ಕಳೆಗಳು.

22ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 6.5ರಿಂದ 7.5ರ ಪಿಎಚ್ ಇವುಗಳಿಗೆ ಹಿತ. ನಮ್ಮ ಹೆಚ್ಚಿನ ಊರುಗಳಲ್ಲಿ ಹೀಟರ್ ಬೇಕಾಗುವುದಿಲ್ಲ. ನಲ್ಲಿಯ ನೀರಾದರೆ ಆಂಟಿಕ್ಲೋರಿನ್ ಹಾಕಿಯೇ ಬಳಸಬೇಕು. ಹೊಸ ತೊಟ್ಟಿಯಲ್ಲಿ ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯವನ್ನು ನೈಟ್ರೈಟಾಗಿ, ಅದನ್ನು ಮತ್ತೆ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹಳೆಯ, ಆರೋಗ್ಯಕರ ತೊಟ್ಟಿಯ ಸ್ಪಂಜನ್ನು ತಂದು ಹಾಕಿದರೆ ಈ ಅವಧಿ ಕಡಿಮೆಯಾಗುತ್ತದೆ. ಅನಂತರ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು.

ಆಹಾರ ತೇಲುವಂಥದ್ದಾಗಿರಬೇಕು. ತಳಕ್ಕಿಳಿದ ಗುಳಿಗೆಯನ್ನು ಇವು ಅಪರೂಪಕ್ಕಷ್ಟೇ ಹುಡುಕಿ ಹೋಗುತ್ತವೆ, ಉಳಿದದ್ದು ಕೊಳೆತು ನೀರನ್ನು ಕೆಡಿಸುತ್ತದೆ. ತೇಲುವ ಸಣ್ಣ ಗುಳಿಗೆಯ ಜೊತೆಗೆ ವಾರದಲ್ಲಿ ಕೆಲವು ದಿನ ಸೊಳ್ಳೆಮರಿ, ಹಣ್ಣಿನ ನೊಣ, ಸಣ್ಣ ಇರುವೆಗಳನ್ನು ಕೊಡಬೇಕು. ಸೊಳ್ಳೆಮರಿಯ ಮೇಲೆ ಇವುಗಳಿಗಿರುವ ಆಸೆ ಎಷ್ಟೆಂದರೆ, ಗೋವಾದಲ್ಲಿ ಮಲೇರಿಯಾ ಹರಡುವ ಸೊಳ್ಳೆಗಳ ನಿಯಂತ್ರಣಕ್ಕಾಗಿ ಬ್ಲಾಕಿ ಮೀನನ್ನು ಪ್ರಯೋಗಿಸಿ ನೋಡಲಾಗಿದೆ. ಚರಂಡಿಯಿಂದ ತಂದ ಮರಿಗಳನ್ನು ಮಾತ್ರ ಹಾಕಬಾರದು. ಶುದ್ಧ ನೀರಿನ ಬಕೆಟ್ಟಿನಲ್ಲಿ ಬೆಳೆದವನ್ನು, ಅವು ಸೊಳ್ಳೆಯಾಗಿ ಹಾರುವ ಮೊದಲೇ ಸೋಸಿ ಕೊಡಬೇಕು.

ಬಾಯಿಯೊಳಗೆ ಹಿಡಿಸುವಷ್ಟು ಚಿಕ್ಕದಾದ ಯಾವ ಮೀನನ್ನೂ ಲೀನಿಯೇಟಸ್ ನುಂಗುತ್ತದೆ; ಆದುದರಿಂದ ಗಪ್ಪಿಯ ಮರಿ, ನಿಯಾನ್ ಟೆಟ್ರಾಗಳನ್ನು ಅದರೊಂದಿಗೆ ಬಿಡುವುದು ಅವುಗಳಿಗೆ ಅನ್ಯಾಯ. ನಡುನೀರಿನಲ್ಲಿ ಓಡಾಡುವ ದೊಡ್ಡ ಚೆರ್ರಿ ಬಾರ್ಬ್, ತಳದಲ್ಲಿರುವ ಕೋರಿಡೋರಾಸ್ ಒಳ್ಳೆಯ ಜೊತೆಗಾರರು.

ಮೊಟ್ಟೆ ಮರಿ ಮಾಡಿಸುವುದು ಕಷ್ಟವಲ್ಲ. ಹಸಿರು ಅಕ್ರಿಲಿಕ್ ಉಲ್ಲನ್ ನೂಲಿನ ಕುಚ್ಚೊಂದನ್ನು ಥರ್ಮೋಕೋಲ್ ತುಂಡಿಗೆ ಕಟ್ಟಿ ತೇಲಿಬಿಟ್ಟರೆ ಹೆಣ್ಣು ಅದರ ಎಳೆಗಳಲ್ಲಿ ದಿನಕ್ಕೆ ಕೆಲವೇ ಮೊಟ್ಟೆಗಳನ್ನು ಅಂಟಿಸುತ್ತ ಹೋಗುತ್ತದೆ. ಗಟ್ಟಿ ಸಿಪ್ಪೆಯ ಈ ಮೊಟ್ಟೆಗಳನ್ನು ಬೆರಳಿನಿಂದಲೇ ಬಿಡಿಸಿ, ಅದೇ ತೊಟ್ಟಿಯ ನೀರು ತುಂಬಿದ ಡಬ್ಬಿಯಲ್ಲಿ ಇರಿಸಬಹುದು. ಬಿಳಿಚಿಕೊಂಡವನ್ನು ಆಗಾಗ ತೆಗೆದುಹಾಕಬೇಕು. ಸುಮಾರು ಎರಡು ವಾರಗಳಲ್ಲಿ ಹೊರಬರುವ ಮರಿಗಳು ಮೊದಲ ದಿನದಿಂದಲೇ ಮೇಲ್ಮೈಯಲ್ಲಿ ಈಜುತ್ತವೆ. ಆಗತಾನೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳು ಅವುಗಳಿಗೆ ಉತ್ತಮ ಆಹಾರ. ಬೇಗ ಬೆಳೆದ ಮರಿಗಳು ಚಿಕ್ಕವನ್ನು ತಿನ್ನತೊಡಗುವುದರಿಂದ, ಗಾತ್ರದಲ್ಲಿ ವ್ಯತ್ಯಾಸ ಕಂಡ ಕೂಡಲೇ ಅವನ್ನು ಬೇರೆ ಬೇರೆ ಡಬ್ಬಿಗಳಿಗೆ ವಿಂಗಡಿಸಬೇಕು.