ಕಾಟಾದ ತೂಕ ಬಿಲ್ ಸ್ಕ್ರೀನಿಗೆ ಬರೋಷ್ಟರಲ್ಲಿ

ಚಿಕ್ಕಮಗಳೂರಲ್ಲಿ ಪರಿಚಯದವರೊಬ್ಬರು ಕಾಫಿ ಕೊಳ್ತಾರೆ, ಹಣ್ಣನ್ನೇ ಒಣಗಿಸಿದ ಚೆರಿ, ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಎರಡೂ. ಅವರ ಗೋಡೌನಲ್ಲಿ ತೂಕ ಹಾಕಿ ಬಿಲ್ ಮಾಡೋ ಸಾಫ್ಟ್‌ವೇರ್ ನಾನು ಬರ್ದಿದ್ದು, ಭಾಷೆ ಸಿ ಶಾರ್ಪ್, ಸ್ಕ್ರೀನುಗಳು ವಿಂಡೋಸಿನ ವಿನ್‌ಫಾರ್ಮ್ಸ್‌ನಲ್ಲಿ. ಬಿಲ್ ಸ್ಕ್ರೀನ್ ಒಂದು ಮಾತ್ರ ಒಳಗಡೆ ಬ್ರೌಸರ್ ಇಟ್ಟು ಎಚ್‌ಟಿಎಂಎಲ್‌ನಲ್ಲಿ ಮಾಡಿದ್ದೆ, ಯಾಕಂದ್ರೆ ಸಾಹುಕಾರ್ರಿಗೆ ಪ್ರತಿ ಸೀಸನ್ನಿಗೂ ಒಂದು ಹೊಸ ಕಾಲಂ ಬೇಕು, ಒಂದ್ಸಲ ತೇವಾಂಶ, ಇನ್ನೊಂದ್ಸಲ ಓಟಿ (ಔಟ್‌ಟರ್ನ್, ಮೂಟೆಯಿಂದ ಎಷ್ಟು ಕಾಳು ಸಿಗತ್ತೆ ಅನ್ನೋದು), ಅದನ್ನೆಲ್ಲ ವಿನ್‌ಫಾರ್ಮ್ಸ್‌ನಲ್ಲಿ ಎಳೆದಾಡ್ತಾ ಕೂರೋಕೆ ನನ್ನಿಂದಾಗಲ್ಲ.

ಮೊದಲು ಹಳೇ ವೆಬ್‌ಬ್ರೌಸರ್ ಕಂಟ್ರೋಲ್ ಇತ್ತು. ಅದರೊಳಗೆ ಇರೋದು ಇಂಟರ್ನೆಟ್ ಎಕ್ಸ್‌ಪ್ಲೋರರ್, ಅದೂ ವಿಂಡೋಸ್ ಸೆಟ್ಟಿಂಗ್ ಇರೋ ರಿಜಿಸ್ಟ್ರಿಯಲ್ಲಿ ನಮ್ಮ ಎಕ್ಸ್‌ಇ (ಪ್ರೋಗ್ರಾಂ ಫೈಲ್) ಹೆಸರು ಬರೀದಿದ್ರೆ ತನ್ನ ಹಳೇ ಆವೃತ್ತಿ ಐಇ 7ರ ಥರ ನಡ್ಕೊಳತ್ತೆ. ಆದ್ರೆ ಡೇಟಾ ಸಾಗಿಸೋದು ಸುಲಭ ಇತ್ತು, ಒಂದು ಕ್ಲಾಸಿಗೆ (ಫಂಕ್ಷನ್ನುಗಳ ಗುಂಪು) ಹೊರಗಿಂದ ಕಾಣ್ಲಿ ಅಂತ ಕಾಮ್‌ವಿಸಿಬಲ್ ಹಾಕಿ ಆಬ್ಜೆಕ್ಟ್‌ಫಾರ್‌ಸ್ಕ್ರಿಪ್ಟಿಂಗ್‌ಗೆ ಕೊಟ್ರೆ ಪೇಜಿಂದ ವಿಂಡೋ.ಎಕ್ಸ್‌ಟರ್ನಲ್ ಅಂತ ಕರೆದ ತಕ್ಷಣ ತೂಕ ಕೈಗೆ ಬರೋದು. 2022ರ ಜೂನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ನಿಲ್ಲಿಸಿದ್ಮೇಲೆ ಇನ್ನು ತಳ್ಳೋದು ಬೇಡ ಅಂತ ಎಡ್ಜ್ ಬ್ರೌಸರನ್ನ ಒಳಗಡೆ ಇಡೋ ವೆಬ್‌ವ್ಯೂ2ಗೆ ಬಂದೆ.

ಇಲ್ಲೂ ಹಳೇ ಬುದ್ಧಿಯೇ, ಇಡೀ ಆಬ್ಜೆಕ್ಟನ್ನ ಆಡ್‌ಹೋಸ್ಟ್‌ಆಬ್ಜೆಕ್ಟ್ ಮಾಡಿ ಪೇಜಿಗೆ ಕೊಟ್ಟೆ. ಈಗ ಕರೆದ್ರೆ ಬರೋದು ಪ್ರಾಮಿಸ್, ಅಂದ್ರೆ ಉತ್ತರ ಆಮೇಲೆ ಕೊಡ್ತೀನಿ ಅನ್ನೋ ಚೀಟಿ, ಕಾಯೋಕೆ ಎಲ್ಲಾ ಕಡೆ ಅವೇಟ್ ಹಾಕ್ಬೇಕು. ಚೀಟಿ ಇಲ್ದೆ ನೇರ ಉತ್ತರ ತಗೊಳ್ಳೋ ಸಿಂಕ್ ದಾರಿನೂ ಇದೆ, ಆದ್ರೆ ಉತ್ತರ ಬರೋವರೆಗೂ ಪೇಜಿನ ಸ್ಕ್ರಿಪ್ಟ್ ಕಲ್ಲಾಗಿ ನಿಂತಿರತ್ತೆ. ಅದಕ್ಕಿಂತ ಹೆದರಿಕೆ ಆಗಿದ್ದು ಬೇರೆ, ಬಿಲ್ ಡಿಲೀಟ್ ಮಾಡೋ ಫಂಕ್ಷನ್ನೂ ಅದೇ ಕ್ಲಾಸಲ್ಲಿತ್ತು, ಅಂದ್ರೆ ಆ ಪೇಜಲ್ಲಿ ಯಾವ ಸ್ಕ್ರಿಪ್ಟ್ ಓಡಿದ್ರೂ ಅದನ್ನ ಕರೀಬಹುದು. ಮನೆ ಬೀಗದ ಕೈ ಗೊಂಚಲನ್ನೇ ಕೊಟ್ಟ ಹಾಗೆ.

ಅದನ್ನ ಕಿತ್ತಾಕಿ ಬರೀ ಮೆಸೇಜ್ ಇಟ್ಕೊಂಡೆ. ಪೇಜಿಂದ ಪೋಸ್ಟ್‌ಮೆಸೇಜ್, ಈ ಕಡೆ ಸಿ ಶಾರ್ಪಲ್ಲಿ ವೆಬ್‌ಮೆಸೇಜ್‌ರಿಸೀವ್ಡ್ ಇವೆಂಟ್, ಡೇಟಾನ ಜೇಸನ್ ಅನ್ನೋ ಪಠ್ಯ ರೂಪದಲ್ಲಿ ವಾಪಸ್ ಕಳಿಸೋಕೆ ಪೋಸ್ಟ್‌ವೆಬ್‌ಮೆಸೇಜ್‌ಆಸ್‌ಜೇಸನ್. ಪ್ರತಿ ಮೆಸೇಜಲ್ಲೂ ಮೂರೇ ಸಂಗತಿ, ಏನು ಬೇಕು, ಒಂದು ನಂಬರ್, ಡೇಟಾ. ಉತ್ತರ ಅದೇ ನಂಬರ್ ಹಿಡ್ಕೊಂಡು ಬರತ್ತೆ, ಪೇಜಲ್ಲಿ ಆ ನಂಬರಿಗೆ ಕಾಯ್ತಿರೋ ಪ್ರಾಮಿಸ್ ಬಿಡುಗಡೆ ಆಗತ್ತೆ, ಐದು ಸೆಕೆಂಡಲ್ಲಿ ಬರ್ಲಿಲ್ಲ ಅಂದ್ರೆ ಕೆಂಪು ಅಕ್ಷರದಲ್ಲಿ ‘ಕಾಟಾ ಸಿಗ್ತಿಲ್ಲ’. ಮೆಸೇಜ್ ಎಲ್ಲಿಂದ ಬಂತು ಅಂತ ಇವೆಂಟಿನ ಸೋರ್ಸ್ ನೋಡಿ, ನನ್ನ ಪೇಜಲ್ಲದಿದ್ರೆ ಬಿಸಾಕ್ತೀನಿ.

ಇಷ್ಟು ಹೇಳೋಕೆ ಎರಡು ನಿಮಿಷ, ಸರಿಯಾಗೋಕೆ ಒಂದು ಕೊಯ್ಲೇ ಮುಗೀತು.

ಕಾಟಾದ ತೂಕ ಸೀರಿಯಲ್ ಪೋರ್ಟಲ್ಲಿ ಬರತ್ತಲ್ಲ, ಅದು ಬಂದಾಗ ಏಳೋ ಡೇಟಾರಿಸೀವ್ಡ್ ಇವೆಂಟ್ ಓಡೋದು ಬೇರೆ ಥ್ರೆಡ್ಡಲ್ಲಿ (ಪ್ರೋಗ್ರಾಮಿನೊಳಗೆ ಪಕ್ಕದಲ್ಲೇ ನಡೆಯೋ ಇನ್ನೊಂದು ಕೆಲಸದ ಸಾಲು), ಅಲ್ಲಿಂದ ನೇರ ವೆಬ್‌ವ್ಯೂ ಮುಟ್ಟಿದ್ರೆ ಎಕ್ಸೆಪ್ಷನ್, ಸ್ಕ್ರೀನ್ ನೋಡ್ಕೊಳ್ಳೋ ಯುಐ ಥ್ರೆಡ್ಡಿಗೆ ಬಿಗಿನ್‌ಇನ್ವೋಕ್ ಮಾಡಿ ಕಳಿಸ್ಬೇಕು. ಅದೂ ಅಲ್ದೆ 50.2 ಅನ್ನೋದು ಒಂದೇ ತುಂಡಾಗಿ ಬರತ್ತೆ ಅಂತ ಗ್ಯಾರಂಟಿ ಇಲ್ಲ, ಮೊದಲು 50. ಬಂದು ಆಮೇಲೆ 2 ಬರಬಹುದು, ಸಾಲು ಮುಗಿಯೋವರೆಗೂ ಕೂಡಿಟ್ಕೋಬೇಕು. ಆಮೇಲೆ ಇನ್ನೊಂದು, ಪ್ರೋಗ್ರಾಂ ಫೈಲ್ಸ್‌ನಲ್ಲಿ ಇನ್‌ಸ್ಟಾಲ್ ಮಾಡಿದ್ರೆ ವೆಬ್‌ವ್ಯೂ ತನ್ನ ಯೂಸರ್ ಡೇಟಾ ಫೋಲ್ಡರನ್ನ ಎಕ್ಸ್‌ಇ ಪಕ್ಕದಲ್ಲೇ ಮಾಡೋಕೆ ಹೋಗಿ ಪರ್ಮಿಷನ್ ಇಲ್ದೆ ಬೀಳತ್ತೆ, ನನ್ನ ಲ್ಯಾಪ್‌ಟಾಪಲ್ಲಿ ಇದು ಗೊತ್ತೇ ಆಗ್ಲಿಲ್ಲ, ಗೋಡೌನಿಗೆ ಹೋದ್ಮೇಲೇ ಗೊತ್ತಾಗಿದ್ದು.

ಮಜಾ ಕೊಟ್ಟಿದ್ದು ಡಿ'ಸೋಜ. ಒಂದು ಕಡೆ ನಾನು ಸೋಮಾರಿತನಕ್ಕೆ ಮೆಸೇಜ್ ಬಿಟ್ಟು ಪೇಜಲ್ಲಿ ನೇರ ಕೋಡ್ ಓಡಿಸೋ ಎಕ್ಸಿಕ್ಯೂಟ್‌ಸ್ಕ್ರಿಪ್ಟ್‌ಗೆ ಕಾಫಿ ಕೊಡೋರ ಹೆಸರನ್ನ ಸಿಂಗಲ್ ಕೋಟ್ ನಡುವೆ ಅಂಟಿಸಿ ಕಳಿಸ್ತಿದ್ದೆ. ಗೌಡ್ರು, ಶೆಟ್ರು, ಭಟ್ರು ಎಲ್ಲಾ ಆರಾಮಾಗಿ ಬಿಲ್ ತಗೊಂಡ್ರು, ಡಿ'ಸೋಜ ಅನ್ನೋ ಹೆಸರು ಬಂದ ದಿನ ಆ ಮಧ್ಯದ ಚಿಹ್ನೆಯೂ ಸಿಂಗಲ್ ಕೋಟೇ ಆಗಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಅಲ್ಲೇ ಮುಗ್ದು ಪೇಜ್ ಸುಮ್ಮನಾಯ್ತು, ಎರರ್ ಕೂಡ ಇಲ್ಲ. ಯಾರಾದ್ರೂ ಬೇಕಂತಲೇ ಹೆಸರಿನ ಜಾಗದಲ್ಲಿ ಕೋಡ್ ಬರ್ದಿದ್ರೆ ಅದೂ ಓಡ್ತಿತ್ತು. ಅವತ್ತಿಂದ ಏನೇ ಹೋಗ್ಲಿ, ಇಂಥ ಚಿಹ್ನೆಗಳನ್ನ ಸರಿಮಾಡೋ ಜೇಸನ್ ಸೀರಿಯಲೈಜರ್ ದಾಟದೆ ಹೋಗಲ್ಲ.

ತೂಕದ್ದೂ ಒಂದು ಕಥೆ. ಕಾಟಾ ಕೊಟ್ಟ ಅಕ್ಷರಗಳನ್ನ ಹಾಗೇ ಕಳಿಸಿದ್ದೆ, ಸೊನ್ನೆಯಿಂದ ಶುರು ಮಾಡಿ 50.2, 49.8ರ ಎರಡು ಮೂಟೆ ಕೂಡಿಸಿದ್ರೆ ಟೋಟಲ್ ಜಾಗದಲ್ಲಿ 050.249.8 ಅಂತ ಬಂತು, ಜಾವಾಸ್ಕ್ರಿಪ್ಟ್ ಪಾಪ ಸ್ಟ್ರಿಂಗ್ ಅಂದ್ಕೊಂಡು ಪಕ್ಕಪಕ್ಕ ಜೋಡಿಸಿದೆ. ನಂಬರ್ ಮಾಡಿ ಕಳಿಸ್ದೆ, ಆಗ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಶುರು ಮಾಡಿದ್ರು: ‘ಸರ್, ಕಾಟಾದಲ್ಲಿ 50.0 ಇದೆ, ನಿಮ್ ಟಿವಿಲಿ ಬರೀ 50 ಅಂತಿದೆ, ಪಾಯಿಂಟ್ ಎಲ್ಲಿ ಹೋಯ್ತು?’ ಹೋಗಿದ್ದು ಸೊನ್ನೆ, ಆದ್ರೆ ಮೂಟೆ ಮಾರೋರಿಗೆ ಅದನ್ನ ಹೇಗೆ ಒಪ್ಸೋದು ಮಾರಾಯ್ರೆ. ಈಗ ತೂಕವನ್ನ ಗ್ರಾಂ ಲೆಕ್ಕದಲ್ಲಿ ಪೂರ್ಣಾಂಕ ಮಾಡಿ, 50000 ಅಂತ ಕಳಿಸ್ತೀನಿ, ಕೂಡೋದೆಲ್ಲ ಗ್ರಾಮಲ್ಲೇ, ತೋರಿಸುವಾಗ ಮಾತ್ರ ಸಾವಿರದಿಂದ ಭಾಗಿಸಿ ಒಂದು ಪಾಯಿಂಟ್. ರೈಟರ್ ಈಗ್ಲೂ ಮೊದಲು ಕಾಟಾ ನೋಡ್ತಾರೆ, ಆಮೇಲೆ ಸ್ಕ್ರೀನ್, ಆಮೇಲೆ ನನ್ನ ಮುಖ.