ಬೆಟ್ಟದ ಮೇಲೆ ಬಿಸಿ ಊಟ: ಅರ್ಧ ಅಡುಗೆ ಮನೆಯಲ್ಲೇ ಮುಗಿಸಿ

ಹಿಮಾಚಲದ ಹಂಪ್ತಾ ಪಾಸ್ (ಪಾಸ್ ಅಂದರೆ ಬೆಟ್ಟಸಾಲು ದಾಟುವ ಜಾಗ) ದಾರಿಯಲ್ಲಿ ಬಾಲು ಕಾ ಘೇರಾ ಅಂತ ಒಂದು ಬಯಲಿದೆ. ಮನಾಲಿ ಕಡೆಯಿಂದ ಹತ್ತುವವರು ಪಾಸ್ ದಾಟುವ ಹಿಂದಿನ ರಾತ್ರಿ ಅಲ್ಲೇ ಟೆಂಟ್ ಹಾಕುತ್ತಾರೆ. ಎತ್ತರ 3,600 ಮೀಟರ್‌ಗೂ ಜಾಸ್ತಿ. ಮೊದಲ ಸಲ ಹೋದಾಗ ನಾನೂ ಗೆಳೆಯನೂ ಅಕ್ಕಿ, ತೊಗರಿಬೇಳೆ ಹೊತ್ತುಕೊಂಡು ಹೋಗಿದ್ದೆವು. ಮನೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಆಗುವ ಅನ್ನ ಅಲ್ಲಿ ಮುಕ್ಕಾಲು ಗಂಟೆ ಕುದಿದರೂ ಅಗುಳಿನ ನಡುವೆ ಗಟ್ಟಿ ಉಳಿದಿತ್ತು. ಬೇಳೆಯಂತೂ ಒಡೆಯಲೇ ಇಲ್ಲ. ಹೊರಗೆ ಗಾಳಿ, ಕೈ ಮರಗಟ್ಟಿದೆ, ಗ್ಯಾಸ್ ಅರ್ಧ ಖಾಲಿ. ಆ ರಾತ್ರಿ ಕಡಲೆಬೀಜ, ಬೆಲ್ಲ ತಿಂದು ಮಲಗಿದೆವು.

ಕಾರಣ ಸರಳ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಸುಮಾರು 300 ಮೀಟರ್‌ಗೆ ಒಂದು ಡಿಗ್ರಿಯಂತೆ ಕುದಿಯುವ ಬಿಸಿಯೂ ಇಳಿಯುತ್ತದೆ. ಬೆಂಗಳೂರಲ್ಲೇ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಬಾಲು ಕಾ ಘೇರಾದಲ್ಲಿ 88ರ ಆಸುಪಾಸು. ಉರಿ ಎಷ್ಟು ಜಾಸ್ತಿ ಮಾಡಿದರೂ ಗ್ಯಾಸ್ ಖರ್ಚಾಗುತ್ತದೆಯೇ ಹೊರತು ನೀರಿನ ಬಿಸಿ ಅದಕ್ಕಿಂತ ಮೇಲೇರುವುದಿಲ್ಲ.

ಆಮೇಲಿಂದ ನಾನು ಬೇರೆ ಥರ ಹೊರಡುತ್ತೇನೆ. ಹುರಿಯುವುದು, ಒಗ್ಗರಣೆ, ಪುಡಿ ಮಾಡುವುದು ಎಲ್ಲ ಮನೆಯಲ್ಲೇ. ಬೆಟ್ಟದ ಮೇಲೆ ಉಳಿಯುವುದು ನೀರು ಕಾಯಿಸುವ ಕೆಲಸ ಒಂದೇ. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಹೇಳುತ್ತೇನೆ. ಲೆಕ್ಕವೆಲ್ಲ ಇಬ್ಬರಿಗೆ.

ಒಲೆ ಎಲ್ಲಿ ಹಚ್ಚಬಹುದು, ಎಲ್ಲಿ ಬಾರದು

ಇದನ್ನು ಮೊದಲು ತಿಳಿದುಕೊಳ್ಳಿ. ನಮ್ಮ ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಕುದುರೆಮುಖ ಇರುವುದು ರಾಷ್ಟ್ರೀಯ ಉದ್ಯಾನದಲ್ಲಿ. ಇಂಥ ಕಾಡುಗಳಲ್ಲಿ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಬದಿಗಿರಲಿ, ಫೆಬ್ರುವರಿಯಿಂದ ಮೇ ತನಕ ಆ ಗುಡ್ಡಗಳ ಹುಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಣಗಿ ಪುಡಿಪುಡಿಯಾಗುತ್ತದೆ. ಒಂದು ಕಿಡಿ ಬಿದ್ದರೆ ಇಡೀ ಇಳಿಜಾರು ಹೋಗುತ್ತದೆ, ಅದರ ಜೊತೆ ಗುಡ್ಡಗಳ ಮಡಿಲಲ್ಲಿ ಬೆಳೆಯುವ ಶೋಲಾ ಕಾಡಿನ ಅಂಚೂ ಸುಡುತ್ತದೆ. ಅಲ್ಲಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗಿ, ಸಂಜೆಗೆ ಇಳಿದುಬಿಡಿ.

ಮಲೆನಾಡಲ್ಲೇ ಟೆಂಟ್ ಹಾಕಿ ಅಡುಗೆ ಮಾಡುವ ಆಸೆ ಇದ್ದರೆ ಹೋಂಸ್ಟೇ ಅಂಗಳ ಅಥವಾ ಪರಿಚಯದವರ ತೋಟ ಒಳ್ಳೆಯದು, ಅದೂ ಕೇಳಿಕೊಂಡು. ಹಿಮಾಲಯದ ದಾರಿಗಳಲ್ಲಿ ಎಲ್ಲಿ ಟೆಂಟ್ ಹಾಕಬಹುದು, ಪರವಾನಗಿ ಬೇಕಾ ಎನ್ನುವುದನ್ನು ಹೊರಡುವ ಊರಿನ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಎಲ್ಲೇ ಹೋದರೂ ಸೌದೆ ಬೇಡ, ಗ್ಯಾಸ್ ಸ್ಟೌ ಸಾಕು. ಹಿಮಾಲಯದ ಎತ್ತರದಲ್ಲಿ ಮೊಣಕಾಲೆತ್ತರದ ಜೂನಿಪರ್ ಪೊದೆ ಬೆಳೆಯಲು ಎಷ್ಟೋ ವರ್ಷ ಬೇಕು. ಒಂದು ಲೋಟ ಚಹಾಕ್ಕಾಗಿ ಅದನ್ನು ಮುರಿಯಬೇಡಿ.

ಎಷ್ಟು ಹೊರಬೇಕು?

ದಿನವಿಡೀ ಹತ್ತಿ ಇಳಿಯುವವರಿಗೆ ದಿನಕ್ಕೆ ತಲೆಗೆ 600ರಿಂದ 700 ಗ್ರಾಂ ಒಣ ಪದಾರ್ಥ ಬೇಕು. ಇದರಲ್ಲಿ ತಿಂಡಿ, ಬುತ್ತಿ, ರಾತ್ರಿ ಊಟ, ನಡುವೆ ಬಾಯಾಡಿಸುವ ಕಡಲೆಬೀಜ, ಚಿಕ್ಕಿ, ಖರ್ಜೂರ ಎಲ್ಲ ಸೇರಿದೆ. ನಾಲ್ಕು ದಿನಕ್ಕೆ ಇಬ್ಬರಿಗೆ ಐದು ಕಿಲೋ ಆಸುಪಾಸು ಆಯಿತು. ಟೆಂಟ್, ಬಟ್ಟೆ, ನೀರು ಎಲ್ಲ ಸೇರಿ ಚೀಲದ ಭಾರ ನಿಮ್ಮ ತೂಕದ ಐದನೇ ಒಂದು ಭಾಗ ದಾಟದಿದ್ದರೆ ನಡಿಗೆ ಹಿತವಾಗಿರುತ್ತದೆ. ಅದಕ್ಕೇ ನೀರಿನಂಶ ಇರುವ ಯಾವುದನ್ನೂ ನಾನು ಹೊರುವುದಿಲ್ಲ. ಈರುಳ್ಳಿ, ಟೊಮೆಟೊ, ಬ್ರೆಡ್ ಮನೆಯಲ್ಲೇ ಇರಲಿ. ಎರಡು ನಿಂಬೆಹಣ್ಣು, ಒಂದು ತುಂಡು ಶುಂಠಿ ಮಾತ್ರ ಬಿಡುವುದಿಲ್ಲ.

ಇನ್‌ಸ್ಟಂಟ್ ನೂಡಲ್ಸ್ ಒಂದೆರಡು ಪೊಟ್ಟಣ ಆಪತ್ತಿಗೆ ಇರಲಿ. ಅದನ್ನೇ ದಿನಾ ನಂಬಿದರೆ ಎರಡು ಗಂಟೆಗೆ ಮತ್ತೆ ಹಸಿವು.

ಮನೆಯಲ್ಲಿ ಮಾಡಿಕೊಳ್ಳುವ ಮಿಶ್ರಣಗಳು

ಮೊದಲನೆಯದು ಉಪ್ಪಿಟ್ಟು. ಎರಡು ಊಟಕ್ಕೆ 400 ಗ್ರಾಂ ಮಧ್ಯಮ ರವೆ ತಗೊಳ್ಳಿ. ದಪ್ಪ ತಳದ ಬಾಣಲೆಯಲ್ಲಿ ನಾಲ್ಕು ಚಮಚ ತುಪ್ಪ ಕಾಯಿಸಿ. ಸಾಸಿವೆ ಸಿಡಿದ ಮೇಲೆ ಕಡಲೆಬೇಳೆ, ಉದ್ದಿನಬೇಳೆ ಹಾಕಿ. ಬೇಳೆ ಕೆಂಪಗಾಗುವಾಗ ಮುರಿದ ಒಣಮೆಣಸಿನಕಾಯಿ, ಒಂದು ಹಿಡಿ ಗೋಡಂಬಿ, ಕೊನೆಗೆ ಕರಿಬೇವು. ಈ ಕರಿಬೇವನ್ನು ಹಿಂದಿನ ದಿನವೇ ತೊಳೆದು ನೆರಳಲ್ಲಿ ಒಣಗಿಸಿರಬೇಕು. ತುಪ್ಪದಲ್ಲಿ ಅದು ಗರಿಗರಿಯಾಗಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ತನಕ ಬಿಡಿ. ಎಲೆಯಲ್ಲಿ ಸ್ವಲ್ಪ ತೇವ ಉಳಿದರೂ ಮೂರನೇ ದಿನಕ್ಕೆ ಇಡೀ ಪೊಟ್ಟಣ ಮುಗ್ಗಲು ವಾಸನೆ ಬರುತ್ತದೆ.

ಈಗ ರವೆ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಮೊದಲು ಸೌಟಿಗೆ ಭಾರ ಅನ್ನಿಸುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ರವೆ ಹಗುರಾಗಿ ಮರಳಿನಂತೆ ಜಾರುತ್ತದೆ, ಘಮ ಅಡುಗೆಮನೆ ದಾಟಿ ಹೊರಗೆ ಬರುತ್ತದೆ. ಆಗ ಉಪ್ಪು ಬೆರೆಸಿ ಇಳಿಸಿ. ಪೂರ್ತಿ ಆರಿದ ಮೇಲೆಯೇ ಪೊಟ್ಟಣ ಕಟ್ಟಿ. ಒಂದೊಂದು ಊಟಕ್ಕೆ ಒಂದೊಂದು ಪೊಟ್ಟಣ. ಈರುಳ್ಳಿ, ತೆಂಗಿನಕಾಯಿ ಇಲ್ಲದ್ದರಿಂದ ಎರಡು ವಾರ ಏನೂ ಆಗುವುದಿಲ್ಲ.

ಎರಡನೆಯದು ಪೊಂಗಲ್ ತರಿ. ಅಕ್ಕಿ ಒಂದು ಪಾಲು, ಹೆಸರುಬೇಳೆ ಒಂದು ಪಾಲು ಬೇರೆಬೇರೆಯಾಗಿ ಹುರಿದು, ಮಿಕ್ಸಿಯಲ್ಲಿ ರವೆಗಿಂತ ಚೂರು ದಪ್ಪಗೆ ತರಿ ಮಾಡಿ. ಇಡೀ ಕಾಳು ಬೇಯಲು ಕಷ್ಟಪಡುವ ಕಡೆ ತರಿ ಬೇಯುತ್ತದೆ. ಬೇಳೆಗಳಲ್ಲಿ ಹೆಸರುಬೇಳೆಯೇ ಯಾಕೆ ಅಂದರೆ ಅದು ಬೇಗ ಮೆತ್ತಗಾಗುತ್ತದೆ, ಹೊಟ್ಟೆಗೂ ಹಗುರ. ಕಾಳುಮೆಣಸು, ಜೀರಿಗೆ, ಒಣಶುಂಠಿ ಕುಟ್ಟಿ ತುಪ್ಪದಲ್ಲಿ ಹುರಿದು ಉಪ್ಪಿನ ಜೊತೆ ಬೆರೆಸಿ. ಚಳಿಯಲ್ಲಿ ನಡುಗುತ್ತಾ ಕೂತವರಿಗೆ ಇದಕ್ಕಿಂತ ಒಳ್ಳೆಯ ಊಟ ನಾನು ಕಂಡಿಲ್ಲ.

ಮಧ್ಯಾಹ್ನಕ್ಕೆ ಗೊಜ್ಜವಲಕ್ಕಿ. ಇದಕ್ಕೆ ಒಲೆಯೇ ಬೇಡ. ದಪ್ಪ ಅವಲಕ್ಕಿಯನ್ನು ತರಿ ಮಾಡಿ ಇಟ್ಟುಕೊಳ್ಳಿ. ಹುಣಸೆಹಣ್ಣು, ಬೆಲ್ಲ, ಸಾರಿನ ಪುಡಿ ಹಾಕಿ ಎಣ್ಣೆ ಬಿಡುವ ತನಕ ಕುದಿಸಿದ ಗೊಜ್ಜನ್ನು ಚಿಕ್ಕ ಡಬ್ಬಿಗೆ ತುಂಬಿ. ಮಧ್ಯಾಹ್ನ ನಿಲ್ಲುವ ಕಾಲು ಗಂಟೆ ಮುಂಚೆ ಅವಲಕ್ಕಿಗೆ ಕುಡಿಯುವ ನೀರು, ಗೊಜ್ಜು ಕಲಸಿ ಡಬ್ಬಿ ಮುಚ್ಚಿ ನಡೆಯುತ್ತಿರಿ. ಕೂರುವ ಹೊತ್ತಿಗೆ ಊಟ ತಯಾರು. ಉತ್ತರ ಕರ್ನಾಟಕದವರಾದರೆ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದೇ ಇದೆ. ದೂರದ ಪ್ರಯಾಣಕ್ಕೆ ಆ ಕಡೆಯ ಮನೆಗಳಲ್ಲಿ ಕಟ್ಟಿಕೊಡುವ ಬುತ್ತಿಯೇ ಅದು.

ಬೆಳಗ್ಗೆಗೆ ರಾಗಿ ಹುರಿಹಿಟ್ಟು. ಬಿಸಿನೀರು, ಹಾಲಿನ ಪುಡಿ, ಬೆಲ್ಲ ಹಾಕಿ ಕಲಸಿದರೆ ಮುಗಿಯಿತು. ಒಂದು ಎಚ್ಚರ ಇರಲಿ: ಬೇಕಾದ್ದು ರಾಗಿ ಅರಳಿಸಿ ಬೀಸಿದ ಹುರಿಹಿಟ್ಟು. ಮುದ್ದೆ ಮಾಡುವ ಹಸಿ ರಾಗಿಹಿಟ್ಟನ್ನು ಹಾಗೇ ಕಲಸಿ ತಿಂದರೆ ಹೊಟ್ಟೆ ಕೆಡುತ್ತದೆ.

ಸ್ಟೌ ಮತ್ತು ಗ್ಯಾಸ್

ಡಬ್ಬಿಯ ತಲೆಗೆ ತಿರುಪಿ ಕೂರಿಸುವ ಪುಟ್ಟ ಸ್ಟೌ, 230 ಗ್ರಾಂ ಗ್ಯಾಸ್ ಡಬ್ಬಿ, ಮುಚ್ಚಳ ಇರುವ ಒಂದೂವರೆ ಲೀಟರ್ ಪಾತ್ರೆ, ಉದ್ದ ಚಮಚ, ತಲೆಗೊಂದು ತಟ್ಟೆ, ಲೋಟ. ಇಷ್ಟೇ ಸಾಮಾನು. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಾಗಲಿ ರೈಲಿನಲ್ಲಾಗಲಿ ಒಯ್ಯುವಂತಿಲ್ಲ. ಮನಾಲಿಯ ಟ್ರೆಕ್ಕಿಂಗ್ ಅಂಗಡಿಗಳಲ್ಲೇ ಕೊಳ್ಳಿ. ನಿಮ್ಮ ಸ್ಟೌ ಜೊತೆಗಿಟ್ಟುಕೊಂಡು ಹೋಗಿ, ತಿರುಪು ಸರಿಯಾಗಿ ಕೂರುತ್ತದಾ ಅಂತ ಅಂಗಡಿಯಲ್ಲೇ ನೋಡಿ. ಬೆಂಕಿಪೊಟ್ಟಣವನ್ನೂ ಅಲ್ಲೇ ತಗೊಳ್ಳಿ.

ಒಂದು ಲೀಟರ್ ನೀರು ಕುದಿಸಲು ಸುಮಾರು 15 ಗ್ರಾಂ ಗ್ಯಾಸ್ ಅಂತ ಲೆಕ್ಕ ಹಿಡಿಯಿರಿ. ಬೆಳಗ್ಗೆ ಒಂದು ಲೀಟರ್, ರಾತ್ರಿ ಎರಡು ಲೀಟರ್ ಆದರೆ ದಿನಕ್ಕೆ 45 ಗ್ರಾಂ. ಗಾಳಿ, ಚಳಿಗೆ ಸ್ವಲ್ಪ ಸೇರಿಸಿದರೂ ಒಂದು ಡಬ್ಬಿ ನಾಲ್ಕು ದಿನ ಬರುತ್ತದೆ. ಕುಡಿಯುವ ನೀರನ್ನೆಲ್ಲ ಕುದಿಸುವುದಾದರೆ ಇನ್ನೊಂದು ಡಬ್ಬಿ ಬೇಕು.

ಡಬ್ಬಿಯೊಳಗಿನ ಬ್ಯುಟೇನ್ ಗ್ಯಾಸ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಬೆಳಗ್ಗೆ ಸ್ಟೌ ಉರಿಯದಿದ್ದರೆ ಡಬ್ಬಿ ಖಾಲಿ ಆಗಿದೆ ಅಂದುಕೊಳ್ಳಬೇಡಿ, ಅದಕ್ಕೆ ಚಳಿಯಾಗಿದೆ ಅಷ್ಟೆ. ಸ್ಟೌ ಬಿಚ್ಚಿಟ್ಟು, ಡಬ್ಬಿಯನ್ನು ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಕಾಲ ಹತ್ತಿರ ಇಟ್ಟುಕೊಂಡರೆ ಬೆಳಗ್ಗೆ ಚೆನ್ನಾಗಿ ಉರಿಯುತ್ತದೆ. ಪ್ರೊಪೇನ್ ಬೆರೆಸಿದ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು.

ತಾರಸಿ ಮೇಲೆ ಒಂದು ಸಲ

ಹೊರಡುವ ಹಿಂದಿನ ವಾರ ಇದೇ ಸ್ಟೌ, ಇದೇ ಪಾತ್ರೆಯಲ್ಲಿ ತಾರಸಿ ಮೇಲೆ ಒಂದು ರಾತ್ರಿಯ ಊಟ ಮಾಡಿ ನೋಡಿ. ಗ್ಯಾಸ್ ಡಬ್ಬಿ ಊರಲ್ಲಿ ಸಿಗದಿದ್ದರೆ ಮನೆಯ ಒಲೆಯಾದರೂ ಸರಿ, ಪಾತ್ರೆ ಮಾತ್ರ ಅದೇ ಇರಲಿ. ಉಪ್ಪು ಸಾಕಾ, ನೀರು ಎಷ್ಟು ಹಿಡಿಯಿತು, ಪಾತ್ರೆ ಉಕ್ಕಿತಾ? ಎಲ್ಲ ಅವತ್ತೇ ಗೊತ್ತಾಗುತ್ತದೆ. ನೀರಿನ ಅಳತೆಯನ್ನು ಪೊಟ್ಟಣದ ಮೇಲೆ ಬರೆಯಿರಿ. ಸುಸ್ತಾದ ಹೊತ್ತಿಗೆ ನೆನಪು ಕೈ ಕೊಡುತ್ತದೆ.

ಕ್ಯಾಂಪ್ ತಲುಪಿದ ಮೇಲೆ

ಮೊದಲು ನೀರು. ಬಾಲು ಕಾ ಘೇರಾದ ಪಕ್ಕದಲ್ಲೇ ಹೊಳೆ ಹರಿಯುತ್ತದೆ, ನೋಡಲು ತಿಳಿಯಾಗಿದೆ. ಆದರೆ ಮೇಲಿನ ಹುಲ್ಲುಗಾವಲಲ್ಲಿ ಕುರಿಗಾಹಿಗಳ ಮಂದೆಗಳು ಮೇಯುತ್ತವೆ. ಕುಡಿಯುವ ನೀರನ್ನು ಕುದಿಸಬೇಕು, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಬೇಕು. ಕೆಳಗೆ ಒಂದು ನಿಮಿಷ ಕುದಿದರೆ ಸಾಕು, 2,000 ಮೀಟರ್ ದಾಟಿದ ಮೇಲೆ ಮೂರು ನಿಮಿಷ. ಕ್ಲೋರಿನ್ ಮಾತ್ರೆಯಾದರೆ ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಕಾಯಿರಿ. ನೀರು ತುಂಬ ತಣ್ಣಗಿದ್ದರೆ ಇನ್ನೂ ಜಾಸ್ತಿ ಹೊತ್ತು ಬೇಕು.

ಟೆಂಟ್ ಹಾಕುವ ಮುಂಚೆ ಪೊಂಗಲ್ ತರಿಯನ್ನು ಪಾತ್ರೆಯಲ್ಲಿ ಒಂದಕ್ಕೆ ನಾಲ್ಕು ಪಾಲು ನೀರು ಹಾಕಿ ನೆನೆಯಲು ಬಿಡಿ. ಟೆಂಟ್ ನಿಂತು, ಒದ್ದೆ ಕಾಲುಚೀಲ ಬದಲಾಯಿಸುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತದೆ. ಆಮೇಲೆ ಒಲೆ ಹಚ್ಚಿ, ಕುದಿ ಬಂದ ಮೇಲೆ ತಳ ಹಿಡಿಯದಂತೆ ಎಂಟು ನಿಮಿಷ ಕೈಯಾಡಿಸಿ ಆರಿಸಿ. ಮುಚ್ಚಳ ಹಾಕಿ, ಪಾತ್ರೆಯನ್ನು ಟವೆಲ್‌ನಲ್ಲಿ ಸುತ್ತಿ, ಮೇಲೊಂದು ಸ್ವೆಟರ್ ಹೊದಿಸಿ ಕಾಲು ಗಂಟೆ ಬಿಡಿ. ಉಳಿದ ಬೇಯುವ ಕೆಲಸ ಒಳಗಿನ ಬಿಸಿಯೇ ಮಾಡುತ್ತದೆ. ಉಪ್ಪಿಟ್ಟೂ ಹಾಗೇ: ಒಂದು ಲೋಟ ಮಿಶ್ರಣಕ್ಕೆ ಎರಡೂವರೆ ಲೋಟ ಕುದಿಯುವ ನೀರು, ಮೂರು ನಿಮಿಷ ಉರಿ, ಹತ್ತು ನಿಮಿಷ ಟವೆಲ್. ಕೊನೆಗೆ ನಿಂಬೆಹಣ್ಣು ಹಿಂಡಿ.

ಮಳೆ ಬರಲಿ, ಹಿಮ ಬೀಳಲಿ, ಟೆಂಟ್ ಒಳಗೆ ಸ್ಟೌ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಮಂಪರು ಬರುತ್ತದೆ. ಎತ್ತರಕ್ಕೆ ಹೀಗಾಗುತ್ತಿದೆ ಅಂದುಕೊಂಡು ಮಲಗಿದವರು ಏಳದೇ ಹೋಗಬಹುದು. ಟೆಂಟ್ ಬಟ್ಟೆಗೆ ಬೆಂಕಿ ತಗುಲಲೂ ಒಂದು ಕ್ಷಣ ಸಾಕು. ಹೊರಗೆ ದೊಡ್ಡ ಬಂಡೆಯ ಮರೆ ಹುಡುಕಿ, ಸಮತಟ್ಟಾದ ಚಪ್ಪಡಿ ಮೇಲೆ ಸ್ಟೌ ಇಡಿ. ಗಾಳಿ ಬರುವ ಕಡೆ ಮಾತ್ರ ಕಲ್ಲು ಅಡ್ಡ ಇಡಿ. ಸುತ್ತಲೂ ಮುಚ್ಚಿದರೆ ಡಬ್ಬಿಯೇ ಕಾದು ಸಿಡಿಯಬಹುದು. ಜಡಿಮಳೆಯಾದರೆ ಆ ಹೊತ್ತಿಗೆ ಗೊಜ್ಜವಲಕ್ಕಿ ಇದೆಯಲ್ಲ, ಅದನ್ನು ತಿನ್ನಿ.

ಎತ್ತರದಲ್ಲಿ ಹಸಿವು ಕಡಿಮೆಯಾಗುವುದು ಸಾಮಾನ್ಯ. ಸ್ವಲ್ಪಸ್ವಲ್ಪ ತಿನ್ನಿ, ಬಿಸಿ ಕುಡಿಯುತ್ತಿರಿ. ತಲೆನೋವಿನ ಜೊತೆ ವಾಂತಿ ಶುರುವಾದರೆ 4,270 ಮೀಟರ್‌ನ ಪಾಸ್ ಕಡೆ ಹೆಜ್ಜೆ ಇಡಬೇಡಿ, ಕೆಳಗಿಳಿಯಿರಿ.

ಪಾತ್ರೆ ತೊಳೆಯುವುದು

ಊಟ ಆದ ತಕ್ಷಣ ಪಾತ್ರೆಗೆ ಎರಡು ಲೋಟ ನೀರು, ಅರ್ಧ ಚಮಚ ಸಾರಿನ ಪುಡಿ, ಚಿಟಿಕೆ ಉಪ್ಪು ಹಾಕಿ ಕುದಿಸಿ. ಚಮಚದಿಂದ ಅಂಚು ಕೆರೆಯುತ್ತಾ ಹೋದರೆ ಅಂಟಿದ ಪೊಂಗಲ್ ಎಲ್ಲ ಬಿಟ್ಟುಕೊಂಡು ಸಾರು ಗಟ್ಟಿಯಾಗುತ್ತದೆ. ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ. ಮಲಗುವ ಮುಂಚೆ ಮೈ ಬೆಚ್ಚಗಾಗುತ್ತದೆ, ಪಾತ್ರೆಯೂ ಮುಕ್ಕಾಲು ತೊಳೆದಂತಾಯಿತು. ಉಳಿದದ್ದನ್ನು ಹೊಳೆಯಿಂದ 60 ಮೀಟರ್, ಅಂದರೆ ಎಂಬತ್ತು ಹೆಜ್ಜೆ ದೂರದಲ್ಲಿ ಬಿಸಿನೀರು ಹಾಕಿ ಒರೆಸಿ. ಸೋಪು ಬೇಡ. ಶೌಚಕ್ಕೂ ಅಷ್ಟೇ ದೂರ ಹೋಗಿ, ಗೇಣು ಆಳದ ಗುಂಡಿ ತೋಡಿ ಮುಚ್ಚಿ.

ಖಾಲಿ ಪೊಟ್ಟಣ, ನಿಂಬೆ ಸಿಪ್ಪೆ, ಟಿಶ್ಯೂ ಎಲ್ಲವನ್ನೂ ಒಂದು ಗಟ್ಟಿ ಚೀಲಕ್ಕೆ ಹಾಕಿ ಹೊರಗಿನ ಜೇಬಿನಲ್ಲಿ ಇಟ್ಟುಕೊಳ್ಳಿ. ಸಿಪ್ಪೆ ಕೊಳೆಯುತ್ತದಲ್ಲ ಅಂತ ಎಸೆಯಬೇಡಿ, ಆ ಚಳಿಯಲ್ಲಿ ಅದು ಬೇಗ ಕೊಳೆಯುವುದಿಲ್ಲ. ಖಾಲಿಯಾದ ಗ್ಯಾಸ್ ಡಬ್ಬಿಯೂ ಅದೇ ಚೀಲದಲ್ಲಿ ಪಾಸ್ ದಾಟಿ, ಆಚೆ ಬದಿಯ ಛತ್ರುವಿನಿಂದ ಗಾಡಿ ಹತ್ತಿ ನಿಮ್ಮ ಜೊತೆ ಮನಾಲಿಗೆ ಇಳಿಯಬೇಕು.