ಸಿಂಗಪುರದಿಂದ ಕ್ರೂಸ್ ಹೊರಡುವವರಿಗೆ

ಹಡಗು ಹೊರಡುವ ದಿನವೇ ಬೆಂಗಳೂರಿನಿಂದ ವಿಮಾನ ಹತ್ತಿ ಬರುವ ಸಾಹಸ ಬೇಡ. ವಿಮಾನ ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ. ನಾವು ಒಂದು ದಿನ ಮೊದಲೇ ಬಂದು ಲಿಟಲ್ ಇಂಡಿಯಾದಲ್ಲಿ ಉಳಿದೆವು. ಸೆರಂಗೂನ್ ರಸ್ತೆಯಲ್ಲಿ ಮಲ್ಲಿಗೆ ಮಾಲೆ ಕಟ್ಟುವವರನ್ನು ಕಂಡ ನಮ್ಮ ಅತ್ತೆ, ವೀರಮಾಕಾಳಿಯಮ್ಮನ ಗುಡಿಗೆ ಹೋಗುವ ಮೊದಲೇ ಒಂದು ಮೊಳ ಹೂ ಕೊಂಡು ಮುಡಿದರು. ಇಡ್ಲಿ ದೋಸೆಗೂ ಅಲ್ಲಿ ಕೊರತೆಯಿಲ್ಲ.

ಸಂಜೆಯನ್ನು ಗಾರ್ಡನ್ಸ್ ಬೈ ದ ಬೇಗೆ ಮೀಸಲಿಡಿ. ಅಲ್ಲಿನ ಮರದಾಕಾರದ ಎತ್ತರದ ಗೋಪುರಗಳಾದ ಸೂಪರ್‌ಟ್ರೀಗಳ ಬೆಳಕಿನ ಪ್ರದರ್ಶನ ಸಾಮಾನ್ಯವಾಗಿ 7.45ಕ್ಕೆ ಮತ್ತು 8.45ಕ್ಕೆ ಇರುತ್ತದೆ, ಟಿಕೆಟ್ ಬೇಕಿಲ್ಲ. ನಿಂತು ಕತ್ತು ನೋಯಿಸಿಕೊಳ್ಳುವ ಬದಲು ಒಂದು ಚಾಪೆ ಹಾಸಿ ಅಂಗಾತ ಮಲಗಿ ನೋಡಿ. ಮಕ್ಕಳು ಅಲ್ಲಿಂದ ಏಳಲೊಪ್ಪಲಿಲ್ಲ.

ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಮರೀನಾ ಸೌತ್ ಪಿಯರ್ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದು. ಆದರೆ ವಯಸ್ಸಾದವರು, ನಾಲ್ಕು ಸೂಟ್‌ಕೇಸ್, ಆ ಸೆಕೆ! ಟ್ಯಾಕ್ಸಿಯೇ ವಾಸಿ.

ಮರಳಿದ ದಿನ ರಾತ್ರಿಯ ವಿಮಾನವಿದ್ದರೆ ನೇರವಾಗಿ ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್ ಮಾಲ್‌ಗೆ ಹೋಗಿ. ಸಾಮಾನು ಇರಿಸಲು ಅಲ್ಲಿ ವ್ಯವಸ್ಥೆಯಿದೆ, ದುಡ್ಡು ತೆರಬೇಕು. ಕೈ ಬೀಸಿಕೊಂಡು 40 ಮೀಟರ್ ಎತ್ತರದ ಒಳಾಂಗಣ ಜಲಪಾತದ ಎದುರು ಕೂರಬಹುದು. ಜೋಗ ಕಂಡವರಿಗೆ ಅದೇನು ದೊಡ್ಡದಲ್ಲ, ಆದರೂ ತಂಪಾಗಿ ಹೊತ್ತು ಹೋಗುತ್ತದೆ.

ಅಂದಹಾಗೆ, ಹಡಗು ಮಲೇಷ್ಯಾ ಮುಟ್ಟಿ ಬಂದರೆ ನೀವು ಸಿಂಗಪುರಕ್ಕೆ ಎರಡನೇ ಸಲ ಪ್ರವೇಶಿಸಿದಂತೆ. ವೀಸಾದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಟಿಕೆಟ್ ಕಾಯ್ದಿರಿಸುವ ಮೊದಲೇ ನೋಡಿಕೊಳ್ಳಿ.